ಅನಸೂಯೆ, ಪ್ರಿಯಂವದೆಯರು ಎಲ್ಲಿ ಹೋದರು?

(ಬಾಗಲಕೋಟೆಯ ನವನಗರದಲ್ಲಿ ಓದುಗರ ಬಳಗವೊಂದರ ಮುಂದೆ ಇಂದಿನ ಪ್ರೇಮ ಕಾದಂಬರಿಗಳ ಕುರಿತು ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪ್ರೇಮ ಕಾದಂಬರಿಗಳ ಬಗ್ಗೆ ಮಾತಾಡಲು ಕರೆದಿದ್ದೀರಿ. ನಾಯಕ, ನಾಯಕಿಯರ ಬಗ್ಗೆ ನಾನು ಕಡಿಮೆ ಮಾತಾಡುತ್ತೇನೆ. ಅವರ ಮಗ್ಗುಲಲ್ಲಿ ನಿಂತು ಪತ್ರ ಮುಟ್ಟಿಸುವ, ಮನೆಯವರಿಗೆ ಸುಳ್ಳು ಹೇಳಿ ಬಾಗಿಲು ಕಾಯುವ, ಮದುವೆಯ ದಿನ ಕೈಗೆ ಮದರಂಗಿ ಹಚ್ಚಿ ಆಮೇಲೆ ಪುಟದಿಂದಲೇ ಇಳಿದುಹೋಗುವ ಗೆಳತಿಯ ಬಗ್ಗೆ ಹೆಚ್ಚು ಮಾತಾಡುತ್ತೇನೆ. ಪ್ರೇಮಕಥೆಯೊಂದು ಎಷ್ಟು ನಿಜವೆಂದು ನಾನು ಅಳೆಯುವುದು ಅವಳಿಂದಲೇ. ಪ್ರೀತಿ ಗೆದ್ದ ಮೇಲೆ ಆ ಗೆಳತಿಗೆ ಏನಾಯಿತೆಂದು ಬರೆದವರಿಗೆ ಗೊತ್ತಿದ್ದರೆ ಆ ಕಾದಂಬರಿಯನ್ನು ನಂಬುತ್ತೇನೆ.

ನಿಮಗೆಲ್ಲ ಗೊತ್ತಿರುವ ಶಕುಂತಲೆಯ ಕಥೆಯನ್ನೇ ತೆಗೆದುಕೊಳ್ಳೋಣ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಚುರಮುರಿ ಶೇಷಗಿರಿರಾಯರು ಕಾಳಿದಾಸನ ಆ ನಾಟಕವನ್ನು ನಮ್ಮ ಸೀಮೆಯ ಮಾತಿನ ಕನ್ನಡಕ್ಕೆ ತಂದರು. ಮೊದಲ ಅಂಕದಲ್ಲಿ ಮೂವರು ಹುಡುಗಿಯರು ಗಿಡಗಳಿಗೆ ನೀರೆರೆಯುತ್ತಿದ್ದಾರೆ. ಶಕುಂತಲೆಯ ಜೊತೆಗೆ ಅನಸೂಯೆ, ಪ್ರಿಯಂವದೆ. ರಾಜನಿಗೆ ಪ್ರೇಮಪತ್ರ ಬರೆಯೆಂದು ಸೂಚಿಸುವವಳು ಪ್ರಿಯಂವದೆ. ಶಕುಂತಲೆ ತಾವರೆಯೆಲೆಯ ಮೇಲೆ ಉಗುರಿನಿಂದ ಬರೆಯುತ್ತಾಳೆ. ದೂರ್ವಾಸ ಶಾಪ ಕೊಟ್ಟಾಗ ಓಡಿಹೋಗಿ ಅವನ ಕಾಲು ಹಿಡಿದು, ಗುರುತಿನ ಆಭರಣ ಕಂಡರೆ ಶಾಪ ತೀರಲಿ ಎಂಬ ಪರಿಹಾರವನ್ನು ಹೊರಡಿಸಿಕೊಂಡು ಬರುವವಳೂ ಅವಳೇ. ಗೆಳತಿಯ ಮನಸ್ಸು ಎಳೆಯದು, ಕೇಳಿದರೆ ತಡೆಯಲಾರಳು ಎಂದು ಆ ಸುದ್ದಿಯನ್ನು ತಮ್ಮಿಬ್ಬರ ನಡುವೆಯೇ ಉಳಿಸಿಕೊಳ್ಳುತ್ತಾರೆ.

ನಾಲ್ಕನೆಯ ಅಂಕದಲ್ಲಿ ಶಕುಂತಲೆ ಗಂಡನ ಮನೆಗೆ ಹೊರಡುತ್ತಾಳೆ. ಸಖಿಯರೂ ಬರಲಿ ಎಂದು ಅವಳ ಆಸೆ. ಇವರಿಬ್ಬರನ್ನೂ ಮದುವೆ ಮಾಡಿ ಕೊಡಬೇಕಾಗಿದೆ, ಅಲ್ಲಿಗೆ ಬರುವುದು ಸರಿಯಲ್ಲ, ಗೌತಮಿ ನಿನ್ನ ಜೊತೆ ಬರುತ್ತಾಳೆ ಎಂದು ಕಣ್ವ ಹೇಳುತ್ತಾನೆ. ಅಲ್ಲಿಗೆ ಮುಗಿಯಿತು. ಉಳಿದ ಮೂರು ಅಂಕಗಳಲ್ಲಿ ಅನಸೂಯೆಯೂ ಇಲ್ಲ, ಪ್ರಿಯಂವದೆಯೂ ಇಲ್ಲ. ಐದನೆಯ ಅಂಕದಲ್ಲಿ ದುಷ್ಯಂತ ತುಂಬಿದ ಸಭೆಯಲ್ಲಿ ಶಕುಂತಲೆಯನ್ನು ಗುರುತಿಸದೆ ಹೋದಾಗ ಅವಳ ಜೊತೆ ಗೌತಮಿಯೂ ಋಷಿಕುಮಾರರೂ ಇದ್ದಾರೆ. ಶಾಪದ ವಿಷಯ ಬಲ್ಲ ಇಬ್ಬರು ಮಾತ್ರ ಇಲ್ಲ. ಆ ಇಬ್ಬರಲ್ಲಿ ಒಬ್ಬಳು ಬಂದಿದ್ದರೂ ಆ ಹೆಣ್ಣುಮಗಳಿಗೆ ಅಷ್ಟು ಅವಮಾನ ಆಗುತ್ತಿರಲಿಲ್ಲ. ಕಾಳಿದಾಸನಿಗೆ ಇದು ಚೆನ್ನಾಗಿಯೇ ತಿಳಿದಿತ್ತು ಎಂದು ನನ್ನ ನಂಬಿಕೆ. ಗೆಳತಿಯರನ್ನು ಕಳೆದುಕೊಂಡ ಹೆಣ್ಣು ತನ್ನ ಪರವಾಗಿ ಸಾಕ್ಷಿ ಹೇಳುವವರನ್ನೂ ಕಳೆದುಕೊಳ್ಳುತ್ತಾಳೆ ಎಂಬುದನ್ನು ಅವನು ನಾಟಕದ ಕಟ್ಟಡದಲ್ಲಿಯೇ ಇಟ್ಟಿದ್ದಾನೆ. ಆದರೆ ಆ ಗೆಳತಿಯರ ಮದುವೆ ಎಲ್ಲಿ ಆಯಿತು, ಶಕುಂತಲೆಯ ಸುದ್ದಿ ಅವರಿಗೆ ಯಾವಾಗ ಮುಟ್ಟಿತು ಎಂದು ಹೇಳಲಿಲ್ಲ.

ಆ ಖಾಲಿ ಜಾಗವನ್ನು ಕಾದಂಬರಿ ತುಂಬಬಹುದಾಗಿತ್ತು. ತುಂಬಲು ಬಹಳ ತಡಮಾಡಿತು.

ಇಂಗ್ಲಿಷಿನಲ್ಲಿ ಜೇನ್ ಆಸ್ಟಿನ್ 1815ರ ಡಿಸೆಂಬರಿನಲ್ಲಿ ಹೊರತಂದ ‘ಎಮ್ಮಾ’ ಇದಕ್ಕೆ ದೊಡ್ಡ ಅಪವಾದ. ಪ್ರೇಮ ಕಾದಂಬರಿಯ ಮಾತು ಬಂದಾಗ ಎಲ್ಲರೂ ಅವಳದೇ 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಹೆಸರು ಹೇಳುತ್ತಾರೆ. ನಾನು ‘ಎಮ್ಮಾ’ ಹೇಳುತ್ತೇನೆ. ಅದು ಆರಂಭವಾಗುವುದೇ ಗೆಳತಿಯ ಮದುವೆಯ ದಿನದ ಸಂಜೆ. ಎಮ್ಮಾಳನ್ನು ಸಾಕಿ ಕಲಿಸಿದ, ಅಕ್ಕನಂತಿದ್ದ ಮಿಸ್ ಟೇಲರ್ ಮದುವೆಯಾಗಿ ಅರ್ಧ ಮೈಲಿ ದೂರದ ಮನೆಗೆ ಹೋಗಿದ್ದಾಳೆ. ಬರೀ ಅರ್ಧ ಮೈಲಿ. ಆದರೂ ಆ ಸಂಜೆ ಎಮ್ಮಾಳಿಗೆ ದೊಡ್ಡ ಮನೆಯಲ್ಲಿ ಮಾತಿಗೆ ಜನವಿಲ್ಲ. ಆ ಖಾಲಿತನವನ್ನು ತುಂಬಲು ಹ್ಯಾರಿಯೆಟ್ ಸ್ಮಿತ್ ಎಂಬ ಹುಡುಗಿಯನ್ನು ಗೆಳತಿಯಾಗಿ ಮಾಡಿಕೊಳ್ಳುತ್ತಾಳೆ. ಹ್ಯಾರಿಯೆಟ್ ತಂದೆ ಯಾರೆಂದು ತಿಳಿಯದವಳು, ಅಂತಸ್ತಿನಲ್ಲಿ ಕೆಳಗಿನವಳು. ಅವಳ ಬದುಕನ್ನು ತಿದ್ದಲು ಹೋಗಿ ಎಮ್ಮಾ ಅದನ್ನು ಕೆಡಿಸುತ್ತಾಳೆ. ಕೊನೆಗೆ ಎಲ್ಲರ ಮದುವೆಯೂ ಆಗುತ್ತದೆ. ಎಮ್ಮಾ ಬಾಲ್ಯದಿಂದ ಬಲ್ಲ ನೈಟ್ಲಿಯನ್ನು ವರಿಸುತ್ತಾಳೆ. ಹ್ಯಾರಿಯೆಟ್ ರೈತ ಮಾರ್ಟಿನ್‌ನನ್ನು. ಆಮೇಲೆ ಆಸ್ಟಿನ್ ಆ ಇಬ್ಬರ ಸಲಿಗೆ ಮೆಲ್ಲಗೆ ಇಳಿದು, ಶಾಂತವಾದ ಹಿತೈಷಿತನವಾಗಿ ಮಾರ್ಪಡಬೇಕಾಯಿತು ಎಂದು ಯಾವ ಮುಲಾಜೂ ಇಲ್ಲದೆ ಬರೆಯುತ್ತಾಳೆ. ಆ ಮಾತನ್ನು ಓದಿದಾಗಲೆಲ್ಲ ನಮ್ಮ ಊರುಗಳ ಗೆಳೆತನಗಳು ನೆನಪಾಗುತ್ತವೆ. ಶಾಲೆಯಲ್ಲಿ ಒಂದೇ ಬೆಂಚು, ಒಂದೇ ಬುತ್ತಿ. ಮದುವೆಯಾದ ಮೇಲೆ ಇವಳ ಅತ್ತೆಯ ಮನೆಯ ಅಡುಗೆಮನೆಗೆ ಅವಳು ಬರುವಂತಿಲ್ಲ, ಜಾತಿ ಬೇರೆ. ಜಾತಿ ಮೀರಿದ ಪ್ರೀತಿಯನ್ನು ಕನ್ನಡ ಕಾದಂಬರಿ ಬಹಳ ಸಲ ಬರೆದಿದೆ. ಜಾತಿಗೆ ತಾಗಿ ಸದ್ದಿಲ್ಲದೆ ನಿಂತುಹೋದ ಗೆಳೆತನವನ್ನು ಅಷ್ಟು ಬರೆದಿಲ್ಲ.

ಇಂದಿನ ಕಾದಂಬರಿಗಳಿಗೆ ಬರುತ್ತೇನೆ. ಅಮೆರಿಕದ ಪ್ರಣಯ ಲೇಖಕರ ಸಂಘ ಈ ಪ್ರಕಾರಕ್ಕೆ ಒಂದು ಲಕ್ಷಣ ಕೊಟ್ಟಿತ್ತು: ಕಥೆಯ ಕೇಂದ್ರದಲ್ಲಿ ಪ್ರೀತಿ ಇರಬೇಕು, ಅಂತ್ಯ ಭರವಸೆ ತುಂಬುವಂತಿರಬೇಕು. ಈ ಲೆಕ್ಕದಲ್ಲಿ ಡೇವಿಡ್ ನಿಕೋಲ್ಸ್ 2009ರಲ್ಲಿ ಬರೆದ ‘ಒನ್ ಡೇ’ ಪ್ರಣಯ ಕಾದಂಬರಿ ಎನಿಸುವುದಿಲ್ಲ. ಅದರ ನಾಯಕಿ ಸಾಯುತ್ತಾಳೆ. 1988ರ ಜುಲೈ 15ರಿಂದ ವರ್ಷಕ್ಕೊಂದು ದಿನದಂತೆ ಇಬ್ಬರ ಗೆಳೆತನವನ್ನು ಅದು ಹಿಂಬಾಲಿಸುತ್ತದೆ, ಪ್ರೀತಿ ಕೈಗೂಡಲು ಹೆಚ್ಚುಕಡಿಮೆ ಇಡೀ ಪುಸ್ತಕವೇ ಬೇಕಾಗುತ್ತದೆ. ಎಲೆನಾ ಫೆರಾಂಟೆ 2011ರಿಂದ 2014ರವರೆಗೆ ಇಟಾಲಿಯನ್ನಿನಲ್ಲಿ ತಂದ ನಾಲ್ಕು ಸಂಪುಟಗಳೂ ಈ ಲಕ್ಷಣಕ್ಕೆ ಹೊರಗೆ. ಅಲ್ಲಿ ಲೀಲಾ, ಎಲೆನಾ ಎಂಬ ಗೆಳತಿಯರಿಬ್ಬರೂ ನೀನೋ ಎಂಬ ಒಬ್ಬನನ್ನೇ ಪ್ರೀತಿಸುತ್ತಾರೆ. ಓದಿ ಮುಗಿಸಿದ ಮೇಲೆ ನೀನೋನ ಮುಖ ಮಾಸುತ್ತದೆ, ಆ ಹೆಂಗಸರಿಬ್ಬರು ಉಳಿಯುತ್ತಾರೆ.

ನಾನು ಹೆಚ್ಚು ಹೇಳಬೇಕೆಂದಿರುವುದು ಲಕ್ಷಣದೊಳಗೆ ಇದ್ದುಕೊಂಡೇ ಗೆಳೆತನವನ್ನು ಬರೆದ ಒಂದು ಪುಸ್ತಕದ ಬಗ್ಗೆ. ಎಮಿಲಿ ಹೆನ್ರಿಯವರ ‘ಹ್ಯಾಪಿ ಪ್ಲೇಸ್’, 2023ರದ್ದು. ಇದರ ನಾಯಕಿಯ ಹೆಸರೂ ಹ್ಯಾರಿಯೆಟ್. ಅವಳೂ ವಿನ್ ಎಂಬವನೂ ನಿಶ್ಚಿತಾರ್ಥ ಮುರಿದುಕೊಂಡಿದ್ದಾರೆ. ಅದನ್ನು ಗೆಳೆಯರಿಗೆ ಹೇಳಿಲ್ಲ. ಕಾಲೇಜಿನ ದಿನಗಳಿಂದ ಎಲ್ಲರೂ ವರ್ಷವರ್ಷ ಸೇರುತ್ತಿದ್ದ ಮೇನ್ ರಾಜ್ಯದ ಸಮುದ್ರತೀರದ ಮನೆ ಮಾರಾಟವಾಗುತ್ತಿದೆ. ಇದೇ ಕೊನೆಯ ವಾರ. ಆ ವಾರ ಕೆಡಬಾರದು ಎಂದು ಇಬ್ಬರೂ ಇನ್ನೂ ಜೋಡಿಯೇ ಎಂಬಂತೆ ನಟಿಸುತ್ತಾರೆ. ಹೊರನೋಟಕ್ಕೆ ಇದು ಅಗ್ಗದ ಉಪಾಯ. ಸ್ವಲ್ಪ ತಡೆದು ನೋಡಿ. ಆ ನಟನೆ ಗೆಳೆತನವನ್ನು ಕಾಪಾಡಲು ನಡೆಯುತ್ತಿದೆ. ಪ್ರೀತಿ ಮುರಿದದ್ದಕ್ಕಿಂತ ಸಬ್ರೀನಾ, ಕ್ಲಿಯೋ ಎಂಬ ಗೆಳತಿಯರ ಕಣ್ಣಲ್ಲಿ ಹಳೆಯ ಗುಂಪು ಒಡೆದುಹೋಗುತ್ತದೆ ಎಂಬ ಭಯ ದೊಡ್ಡದು. ಆದರೆ ಆ ಗುಂಪು ಆಗಲೇ ಒಡೆಯುತ್ತಿದೆ. ಒಬ್ಬಳದು ಹೊಲದ ಬದುಕು, ಇನ್ನೊಬ್ಬಳದು ಆಸ್ಪತ್ರೆಯ ದುಡಿಮೆ. ಕರೆಗಳು ಕಡಿಮೆಯಾಗಿವೆ. ಹಳೆಯ ಹಾಸ್ಯಗಳನ್ನೇ ಮತ್ತೆ ಮತ್ತೆ ಹೇಳಿ ನಗುತ್ತಾರೆ, ಹೊಸ ದುಃಖವನ್ನು ಹೇಳಿಕೊಳ್ಳುವುದಿಲ್ಲ. ಕೊನೆಗೆ ಗೆಳತಿಯರ ನಡುವೆ ನಡೆಯುವ ಜಗಳ ಆ ಪುಸ್ತಕದ ನಿಜವಾದ ಎದೆ. ಪ್ರೇಮಿಗಳು ಕೂಡುತ್ತಾರೆಂದು ಓದುಗರಿಗೆ ಮೊದಲೇ ಗೊತ್ತು, ಈ ಪ್ರಕಾರ ಆ ಮಾತು ಕೊಟ್ಟಿರುತ್ತದೆ. ಗೆಳತಿಯರು ಕೂಡುತ್ತಾರೆಂದು ಯಾರೂ ಮಾತು ಕೊಟ್ಟಿರುವುದಿಲ್ಲ. ಆದ್ದರಿಂದ ನಾನು ಉಸಿರು ಹಿಡಿದು ಓದಿದ್ದು ಆ ಪುಟಗಳನ್ನು.

ಇಂಥ ಕಾದಂಬರಿಗಳಲ್ಲಿ ಗೆಳೆಯನೇ ಪ್ರಿಯನಾಗುವ ಕಥೆ ಬಹಳ. ಬಾಯಿಬಿಟ್ಟು ಹೇಳಿದರೆ ಇರುವ ಗೆಳೆತನವೂ ಹೋದೀತು ಎಂಬ ಹೆದರಿಕೆ ಅವುಗಳ ಎಂಜಿನ್. ಇದನ್ನು ನಮ್ಮ ನೆಲಕ್ಕೆ ತಂದು ನೋಡಿದರೆ ವಿಚಿತ್ರವಾದದ್ದು ಕಾಣುತ್ತದೆ. ನಮ್ಮಲ್ಲಿ ಅತ್ತೆಯ ಮಗ, ಸೋದರಮಾವ ಇದ್ದಾರೆ. ಬೇಸಿಗೆ ರಜೆಯಲ್ಲಿ ಜೊತೆಗೆ ಮಾವಿನಕಾಯಿ ಕದ್ದವನು, ಬಾವಿಯಲ್ಲಿ ಈಜು ಕಲಿಸಿದವನು, ತೊಟ್ಟಿಲಲ್ಲಿ ಇದ್ದಾಗಲೇ ಇವಳಿಗೆ ಇವನೇ ಗಂಡ ಎಂದು ಹಿರಿಯರು ನಗುತ್ತ ಗೊತ್ತು ಮಾಡಿದವನು. ಅವನ ಜೊತೆ ಆಡುತ್ತಿದ್ದ ಹುಡುಗಿ ಹದಿನಾಲ್ಕನೆಯ ವಯಸ್ಸಿಗೆ ಬಂದಾಗ ಒಮ್ಮೆಲೆ ಅವನ ಮುಂದೆ ಬರುವುದನ್ನು ಬಿಡುತ್ತಾಳೆ. ಪರದೇಶದ ಕಾದಂಬರಿ ಗೆಳೆಯ ಪ್ರಿಯನಾದಾನೆ ಎಂದು ಕೇಳುತ್ತದೆ. ನಮ್ಮ ಮನೆಗಳಲ್ಲಿ ಪ್ರಶ್ನೆ ತಿರುಗಿ ನಿಂತಿದೆ: ಮೊದಲೇ ಗಂಡನೆಂದು ಗೊತ್ತಾಗಿಬಿಟ್ಟವನು ಮತ್ತೆ ಗೆಳೆಯನಾದಾನೆ? ಗಂಡ ಎಂಬ ಮಾತು ಕಿತ್ತುಕೊಂಡ ಆ ಬಾವಿಯ ಈಜುಗಾರ ಹುಡುಗನನ್ನು ಮರಳಿ ಪಡೆಯುವುದೇ ಇಡೀ ಪ್ರೇಮಕಥೆಯಾಗಬಹುದು. ಅವನನ್ನು ಬೇಡವೆಂದು ಬೇರೊಬ್ಬನನ್ನು ವರಿಸಿದರೂ ಅಷ್ಟೇ. ಆಗ ಅವಳು ಕಳೆದುಕೊಳ್ಳುವುದು ಬಾಲ್ಯದ ಗೆಳೆಯನನ್ನು, ಅವನ ತಾಯಿಯಾದ ಸೋದರತ್ತೆಯನ್ನು, ಆ ಮನೆಯ ಬೇಸಿಗೆಗಳನ್ನು. ಇಷ್ಟು ಗಟ್ಟಿಯಾದ ವಸ್ತು ನಮ್ಮ ಕೈಯಲ್ಲಿರುವಾಗ ಕೆಲವು ಹೊಸ ಬರಹಗಾರರು ತಮ್ಮ ನಾಯಕಿಯನ್ನು ಬೆಂಗಳೂರಿನ ಕಾಫಿ ಅಂಗಡಿಯಲ್ಲಿ ಅಪರಿಚಿತನಿಗೆ ಡಿಕ್ಕಿ ಹೊಡೆಸಿ ಕಥೆ ಶುರುಮಾಡುವುದು ನನಗೆ ನಿಜವಾಗಿ ನೋವು ತರುತ್ತದೆ.

ಗೆಳೆತನಕ್ಕೆ ನಮ್ಮ ಸೀಮೆಯಲ್ಲಿ ಗೌರವ ಇರಲಿಲ್ಲವೇ ಎಂದರೆ, ಇತ್ತು. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಕೂಡಿ ಜನಪದ ಹಾಡುಗಳನ್ನು ಸಂಗ್ರಹಿಸಿದರು. 1931ರಲ್ಲಿ ‘ಗರತಿಯ ಹಾಡು’ ಬಂತು. ಸಾಹಿತ್ಯ ಚರಿತ್ರೆ ಇವರನ್ನು ಇಂದಿಗೂ ಹಲಸಂಗಿ ಗೆಳೆಯರು ಎಂದೇ ಕರೆಯುತ್ತದೆ. ಗೆಳೆತನವೇ ಒಂದು ಸಾಹಿತ್ಯಿಕ ಹೆಸರಾಗುವುದು ಸಣ್ಣ ಸಂಗತಿಯಲ್ಲ, ಆ ನಾಲ್ವರ ಬಗ್ಗೆ ನನಗೆ ಅಪಾರ ಭಕ್ತಿ ಇದೆ. ಆದರೆ ಆ ಹಾಡುಗಳನ್ನು ಹಾಡಿದವರು ಹೆಂಗಸರು. ನಸುಕಿನಲ್ಲಿ ಬೀಸುವ ಕಲ್ಲಿಗೆ ಎದುರುಬದುರು ಕೂತು, ಒಂದೇ ಗೂಟಕ್ಕೆ ಇಬ್ಬರೂ ಕೈಹಾಕಿ, ಒಬ್ಬಳು ಎತ್ತಿದ ನುಡಿಯನ್ನು ಇನ್ನೊಬ್ಬಳು ಮುಗಿಸಿದರು. ಆ ಜೊತೆಗಾರ್ತಿಯರ ಗೆಳೆತನಕ್ಕೆ ಚರಿತ್ರೆಯಲ್ಲಿ ಹೆಸರಿಲ್ಲ. ತವರಿನ ಬಗ್ಗೆ, ಅಣ್ಣನ ಬಗ್ಗೆ, ತೊಟ್ಟಿಲ ಕೂಸಿನ ಬಗ್ಗೆ ಅವರು ಹಾಡಿದ್ದೆಲ್ಲ ಉಳಿಯಿತು. ಎದುರಿಗೆ ಕೂತವಳು ಯಾರೆಂಬುದು ಉಳಿಯಲಿಲ್ಲ.

ಹೆಂಗಸರ ಗೆಳೆತನಕ್ಕೆ ಇದ್ದದ್ದು ಪಂಚಾಂಗ. ನಾಗರಪಂಚಮಿಗೆ ಅಣ್ಣ ಕರೆಯಲು ಬಂದರೆ ತವರು. ತವರಿಗೆ ಬಂದರೆ ಬೇರೆ ಬೇರೆ ಊರುಗಳಿಗೆ ಹೋದ ಗೆಳತಿಯರೂ ಅದೇ ದಿನಗಳಲ್ಲಿ ಬಂದಿರುತ್ತಾರೆ. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ, ಮಡಿಲಲ್ಲಿ ಎಳ್ಳುಂಡೆ, ಶೇಂಗಾ ಉಂಡೆ. ಗಂಡನ ಮನೆಯಲ್ಲಿ ಆಡಲಾಗದ ಮಾತೆಲ್ಲ ಆ ಜೋಕಾಲಿಯ ಸುತ್ತ ಹೊರಬರುತ್ತಿತ್ತು. ಯಾರಿಗೆ ಇನ್ನೂ ಮಕ್ಕಳಾಗಿಲ್ಲ, ಯಾರ ಗಂಡ ಕುಡಿಯಲು ಕಲಿತ, ಯಾರು ಈ ವರ್ಷ ಬರಲಿಲ್ಲ ಮತ್ತು ಯಾಕೆ ಬರಲಿಲ್ಲ, ಎಲ್ಲವೂ. ಅಂದರೆ ಗೆಳೆತನ ಬದಲಾಗುತ್ತದೆ, ಅದನ್ನು ವರ್ಷಕ್ಕೊಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಬೇಕು ಎಂಬ ತಿಳಿವಳಿಕೆ ನಮ್ಮ ಅಜ್ಜಿಯರಿಗೆ ಇತ್ತು. ಎಮಿಲಿ ಹೆನ್ರಿಯವರ ಪಾತ್ರಗಳು ಸಮುದ್ರತೀರದ ಮನೆಯಲ್ಲಿ ಒಂದು ವಾರ ಮಾಡಿದ್ದು ಅದನ್ನೇ.

ಕನ್ನಡದ ಜನಪ್ರಿಯ ಕಾದಂಬರಿಯನ್ನು ಕಟ್ಟಿದವರಲ್ಲಿ ನಿಮ್ಮದೇ ಜಿಲ್ಲೆಯ ಬೀಳಗಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರು ದೊಡ್ಡ ಹೆಸರು. ಅವರ ‘ಧರ್ಮ ದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಎಂಬ ಸಿನಿಮಾ ಆಯಿತು. ಮರುವರ್ಷ ‘ಕುಲವಧು’ ತೆರೆಗೆ ಬಂತು, 1977ರಲ್ಲಿ ‘ಸನಾದಿ ಅಪ್ಪಣ್ಣ’. ಆ ಕಾದಂಬರಿಗಳ ಲೋಕ ಕುಟುಂಬ. ಅಲ್ಲಿ ಹೆಣ್ಣಿನ ಪ್ರೀತಿ ಪರೀಕ್ಷೆಗೆ ಒಳಗಾಗುವುದು ಅತ್ತೆ, ಮಾವ, ನಾದಿನಿಯರ ನಡುವೆ. ಗೆಳತಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ, ಆ ಕಾಲದ ಮನೆಗಳಲ್ಲಿಯೂ ಇರಲಿಲ್ಲ. ಅದನ್ನು ದೋಷವೆಂದು ಹೇಳುತ್ತಿಲ್ಲ. ಆಮೇಲೆ ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ ಅವರಂಥವರು ಹೆಣ್ಣಿನ ಒಳಮನಸ್ಸಿಗೆ ಜಾಗ ಮಾಡಿದರು, ಲಕ್ಷಾಂತರ ಜನರಿಗೆ ಓದುವ ರುಚಿ ಹತ್ತಿಸಿದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪುಸ್ತಕದ ಒಳಗೆ ಗೆಳತಿಗೆ ಜಾಗ ಕಡಿಮೆ ಇದ್ದಾಗಲೂ ಪುಸ್ತಕದ ಹೊರಗೆ ಎಲ್ಲವೂ ಗೆಳತಿಯರಿಂದಲೇ ನಡೆಯುತ್ತಿತ್ತು. 1965ರಲ್ಲಿ ‘ಸುಧಾ’ ವಾರಪತ್ರಿಕೆ ಆರಂಭವಾಯಿತು. ಅದರ ಧಾರಾವಾಹಿಯ ಹಾಳೆಗಳನ್ನು ವಾರವಾರ ಕತ್ತರಿಸಿ, ದಬ್ಬಣದಿಂದ ತೂತು ಮಾಡಿ, ದಾರ ಹಾಕಿ ಹೊಲಿದು, ರಟ್ಟು ಅಂಟಿಸಿ ಇಟ್ಟುಕೊಂಡ ಮನೆಗಳು ಎಷ್ಟೋ. ಆ ಕಟ್ಟು ಒಂದು ಮನೆಯಿಂದ ಇನ್ನೊಂದು ಮನೆಗೆ ಸೆರಗಿನ ಮರೆಯಲ್ಲಿ ಹೋಗುತ್ತಿತ್ತು. ಹಿಂದಿರುಗಿದಾಗ ಅಂಚಿನಲ್ಲಿ ಪೆನ್ಸಿಲ್ ಗೆರೆ. ಯಾವ ಸಾಲಿನ ಕೆಳಗೆ ಗೆರೆ ಎಳೆದಿದ್ದಾಳೆ ಎಂದು ನೋಡಿದರೆ ಗೆಳತಿ ಬಾಯಿಬಿಟ್ಟು ಹೇಳದ್ದು ತಿಳಿಯುತ್ತಿತ್ತು. ಅಮೆರಿಕದಲ್ಲಿ ಜಾನಿಸ್ ರ್ಯಾಡ್‌ವೇ ಎಂಬ ವಿದ್ವಾಂಸೆ ಪ್ರಣಯ ಕಾದಂಬರಿ ಓದುವ ಗೃಹಿಣಿಯರ ಜೊತೆ ಮಾತಾಡಿ 1984ರಲ್ಲಿ ಒಂದು ಗ್ರಂಥ ಬರೆದರು. ಕಥೆ ಮುಖ್ಯವಾದಷ್ಟೇ ಓದುವ ಆ ಹೊತ್ತೂ ಮುಖ್ಯ, ಆ ಹೊತ್ತು ತಮ್ಮದು, ಆಗ ಯಾರೂ ತಮ್ಮನ್ನು ಕೆಲಸಕ್ಕೆ ಕರೆಯಬಾರದು ಎಂಬುದು ಆ ಗೃಹಿಣಿಯರ ಮಾತಿನ ಸಾರ. ನಮ್ಮಲ್ಲಿ ಆ ಹೊತ್ತು ಇಬ್ಬರದಾಗಿತ್ತು, ಓದಿದವಳದೂ, ಓದಲು ಕೊಟ್ಟವಳದೂ. ಪ್ರೇಮ ಕಾದಂಬರಿಯನ್ನು ಹಗುರವಾಗಿ ಕಾಣುವ ವಿಮರ್ಶಕರು ಈ ಕೊಡುಕೊಳ್ಳುವಿಕೆಯನ್ನು ಒಮ್ಮೆಯೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಕೊನೆಯದಾಗಿ ನಿಮ್ಮ ಊರಿನ ಮಾತು. 519.60 ಮೀಟರ್, 524.256 ಮೀಟರ್. ಮೊದಲನೆಯದು ಕೃಷ್ಣಾ ನದಿಯ ಆಲಮಟ್ಟಿ ಜಲಾಶಯದಲ್ಲಿ ನೀರು ನಿಲ್ಲಿಸುವ ಮಟ್ಟ, ಎರಡನೆಯದು ಅದನ್ನು ಏರಿಸಬೇಕೆಂದಿರುವ ಮಟ್ಟ. ಈ ಎರಡು ಅಂಕಿಗಳು ಇಲ್ಲಿ ಕೂತಿರುವ ಎಲ್ಲರಿಗೂ ಬಾಯಿಪಾಠ. ಹಿನ್ನೀರು ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ನುಂಗಿತು. ಜನ ನವನಗರದ ಸೆಕ್ಟರುಗಳಿಗೆ ಬಂದರು. ಮನೆಗೆ, ಅಂಗಡಿಗೆ, ಹೊಲಕ್ಕೆ ಪರಿಹಾರದ ಲೆಕ್ಕ ಇತ್ತು. ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿಸಿಕೊಂಡಿದ್ದ ಇಬ್ಬರು ಗೆಳತಿಯರು ಬೇರೆ ಬೇರೆ ಸೆಕ್ಟರಿಗೆ ಹಂಚಿಹೋದದ್ದಕ್ಕೆ ಯಾವ ಕಚೇರಿಯಲ್ಲಿಯೂ ನಮೂನೆ ಇರಲಿಲ್ಲ. ಮಾಳಿಗೆಯಿಂದ ಮಾಳಿಗೆಗೆ ದಾಟಿ ಹೋಗುತ್ತಿದ್ದವರು ಈಗ ಆಟೊ ಹಿಡಿಯಬೇಕು. ಆಟೊ ಹಿಡಿಯಲು ಕಾರಣ ಬೇಕು, ಕಾರಣವನ್ನು ಮನೆಯಲ್ಲಿ ಹೇಳಬೇಕು.

ಇದರಲ್ಲಿ ಒಂದು ಪ್ರೇಮ ಕಾದಂಬರಿ ಇದೆ, ನಾನು ಅದನ್ನು ಓದಲು ಕಾಯುತ್ತಿದ್ದೇನೆ. ಹಳೆಯ ಓಣಿಯ ಇಬ್ಬರು ಹುಡುಗಿಯರು. ಒಬ್ಬಳ ಅಣ್ಣನನ್ನು ಇನ್ನೊಬ್ಬಳು ಇಷ್ಟಪಡುತ್ತಾಳೆ. ಓಣಿ ಇದ್ದಾಗ ಗೆಳತಿಯನ್ನು ಕಾಣುವ ನೆಪದಲ್ಲಿ ಅವನನ್ನೂ ಕಾಣಬಹುದಿತ್ತು. ಸೆಕ್ಟರಿಗೆ ಬಂದ ಮೇಲೆ ಅವಳು ಅವನಿಗೆ ನೇರವಾಗಿ ಮೊಬೈಲಿನಲ್ಲಿ ಸಂದೇಶ ಕಳಿಸುತ್ತಾಳೆ, ನೆಪದ ಅಗತ್ಯವಿಲ್ಲ. ಅಲ್ಲಿಗೆ ಗೆಳತಿಯ ಅಗತ್ಯವೂ ತೀರಿತೇ? ನಾಳೆ ನಾದಿನಿಯಾಗುವ ಹುಡುಗಿ ಇಷ್ಟು ದಿನ ತಾನು ಗೆಳತಿಯಾಗಿದ್ದೆನೋ ಬಾಗಿಲಾಗಿದ್ದೆನೋ ಎಂದು ಕೇಳಿಕೊಳ್ಳುವ ಅಧ್ಯಾಯವನ್ನು ಯಾರಾದರೂ ಬರೆಯಲಿ. ಆ ಅಧ್ಯಾಯ ನಾಯಕನ ಪ್ರೇಮ ನಿವೇದನೆಗಿಂತ ಉದ್ದವಾಗಿರಲಿ.

ಸಭಿಕರ ಪ್ರಶ್ನೆಗಳು ಇವು.

ನಿವೃತ್ತ ಶಿಕ್ಷಕರೊಬ್ಬರು ಕೇಳಿದರು: ಗಂಡಸರ ಗೆಳೆತನವೂ ಮದುವೆಯಿಂದ ಬದಲಾಗುತ್ತದೆ, ಅದರ ಬಗ್ಗೆ ನೀವು ಏನೂ ಹೇಳಲಿಲ್ಲವಲ್ಲ?

ಸರ್, ಹೇಳಬೇಕಾಗಿತ್ತು. ನಮ್ಮ ಜನಪ್ರಿಯ ಪ್ರೇಮಕಥೆಗಳಲ್ಲಿ ನಾಯಕನ ಗೆಳೆಯನಿಗೆ ಸಾಮಾನ್ಯವಾಗಿ ನಗಿಸುವ ಕೆಲಸ ಕೊಟ್ಟಿರುತ್ತಾರೆ. ಊರಿನಲ್ಲಿಯೇ ಉಳಿದ ಗಂಡಸರಿಗೆ ಅಗಸೆಕಟ್ಟೆ ಇದೆ, ಚಹಾದ ಅಂಗಡಿ ಇದೆ, ಮದುವೆಯ ಮರುವಾರವೂ ಅಲ್ಲಿ ಅವರ ಜಾಗ ಹಾಗೆಯೇ ಇರುತ್ತದೆ. ಆದರೆ ಪುಣೆಗೆ, ಬೆಂಗಳೂರಿಗೆ ದುಡಿಯಲು ಹೋಗಿ ಒಂದೇ ಕೋಣೆಯಲ್ಲಿ ನಾಲ್ಕು ಜನ ಇದ್ದು, ಒಬ್ಬನ ಮದುವೆ ಆದಾಗ ಉಳಿದ ಮೂವರು ಬೇರೆ ಕೋಣೆ ಹುಡುಕಬೇಕಾದವರ ಸ್ಥಿತಿ ಬೇರೆ. ಒಬ್ಬನ ಸಂಸಾರ ಶುರುವಾಗುವ ದಿನವೇ ಮೂವರ ಮನೆ ಮುಗಿಯುತ್ತದೆ. ಆ ಮೂವರು ಮದುವೆಯ ಊಟಕ್ಕೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಬರುತ್ತಾರೆ, ಅಕ್ಷತೆ ಹಾಕುತ್ತಾರೆ, ಮರಳುವಾಗ ಬಾಡಿಗೆಯ ಮಾತಾಡುತ್ತಾರೆ. ಅವರನ್ನು ಬರೆಯುವವರೂ ಬೇಕು.

ಬಿ.ಎ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ನನ್ನ ಗೆಳತಿಯ ಮದುವೆ ಆದ ಮೇಲೆ ನಮ್ಮಿಬ್ಬರ ನಡುವೆ ಏನಾಯಿತು ಎಂದು ಬರೆಯಬೇಕೆಂದಿದ್ದೇನೆ. ಅವಳು ಓದಿದರೆ ನೊಂದುಕೊಳ್ಳುತ್ತಾಳೆ. ಅವಳ ಗಂಡ ಓದಿದರೆ ಇನ್ನೂ ಕಷ್ಟ. ಹೇಗೆ ಬರೆಯಲಿ?

ಅಮ್ಮಾ, ಊರು ಬದಲಿಸು, ಹೆಸರು ಬದಲಿಸು, ಅವಳ ಗಂಡನ ಕೆಲಸ ಬದಲಿಸು. ಅವಳು ಗುಟ್ಟಾಗಿ ಹೇಳಿದ್ದನ್ನು ಮುಟ್ಟಬೇಡ, ಅದು ಅವಳದು. ಅವಳ ಫೋನು ಬರದೆ ಹೋದ ಸಂಜೆಗಳು ನಿನ್ನವು, ಅವುಗಳಿಂದ ಶುರುಮಾಡು. ಬರೆದ ಮೇಲೆ ಬರುವ ಪಂಚಮಿಗೆ ಅವಳು ತವರಿಗೆ ಬಂದಾಗ ಅಚ್ಚಿಗೆ ಕೊಡುವ ಮೊದಲು ಅವಳ ಕೈಗೆ ಕೊಡು. ಜೊತೆಗೆ ಒಂದು ಪೆನ್ಸಿಲನ್ನೂ ಕೊಡು. ಅವಳು ಹೊಡೆದುಹಾಕಿದ್ದನ್ನು ತೆಗೆ. ಅವಳು ಅಂಚಿನಲ್ಲಿ ಏನಾದರೂ ಸೇರಿಸಿದ್ದರೆ, ಅದನ್ನು ಉಳಿಸಿಕೊಳ್ಳಲೇ ಎಂದು ಅವಳನ್ನೇ ಕೇಳು.